ಆ್ಯಂಟಿಬಾಡಿ ಬಾಟ್ಲಿಯ ಮುಂದೆ ಕೂತವರು

ಜೀವಕ್ಕೆಲ್ಲ ಉಸಿರು ಕೊಟ್ಟ ಪರಶಿವನಿಗೆ ಶರಣು. ನಾನು ದಾವಣಗೆರೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಕೊರೊನಾ ಕಾಲದಲ್ಲಿ ಅಲ್ಲಿ ಅಳು ಬಹಳ ಕಂಡೆ, ಆದರೆ ನಡುನಡುವೆ ನಗುವನ್ನೂ ಅವನು ಕಳಿಸುತ್ತಲೇ ಇದ್ದ. ಅದರಲ್ಲೂ ಆ್ಯಂಟಿಬಾಡಿ ಡ್ರಿಪ್ ಹಾಕುವ ಮೂಲೆಗೆ. ವೈರಾಣುವನ್ನು ತಡೆಯುವ, ಕಾಯಿಲೆ ಜೋರಾಗುವ ಮೊದಲೇ ಕೊಡಬೇಕಾದ ಔಷಧ ಅದು. ಹಾಗಾಗಿ ಅಲ್ಲಿಗೆ ಬಂದವರಿಗೆಲ್ಲ ಮಾತಾಡುವ ಶಕ್ತಿ ಚೆನ್ನಾಗಿಯೇ ಇರುತ್ತಿತ್ತು.

ಸೂಜಿ ಹಿಡಿದಾಗ

ಹರಿಹರದ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು ಕೈ ಚಾಚಿ ಕೂತಿದ್ದರು. ಸೂಜಿ ಹಿಡಿದಾಗ ದೇವರನ್ನು ನೆನೆಯುವುದು ನನ್ನ ರೂಢಿ. "ಶಿವನೇ, ಇನ್ನು ಎಲ್ಲ ನಿನ್ನ ಕೈಲೈತಪ್ಪಾ" ಅಂದೆ. ಸಾಹೇಬರು ಥಟ್ಟನೆ ಕೈ ಎಳೆದುಕೊಂಡರು.

"ಯಾಕ್ರೀ ಸಾಹೇಬ್ರೇ?"

"ಸಿಸ್ಟರ್, ನೀವು ಶಿವನ್ನ ಕರೀರಿ, ನಾನು ಅಲ್ಲಾನ್ನ ಕರೀತೀನಿ. ಹಂಗೇ ಒಬ್ಬ ಡಾಕ್ಟ್ರನ್ನೂ ಕರೀರಿ!"

ಮಲೆಬೆನ್ನೂರಿನ ಅಜ್ಜ

ಈ ಅಜ್ಜನಿಗೆ ವಯಸ್ಸೂ ಆಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ತಡಮಾಡಿದರೆ ಉಸಿರಿಗೇ ಕುತ್ತು ಬರಬಹುದೆಂದು ಡಾಕ್ಟರಿಗೆ ಭಯ. ಅಜ್ಜನೋ ಕುರ್ಚಿಯಲ್ಲಿ ಕೂರಲೂ ಒಪ್ಪಲಿಲ್ಲ.

"ಬ್ಯಾಡ್ರೀ. ಮೈ ಬಿಸಿ ಐತೆ ಅಷ್ಟೇ. ಸೀರಿಯಸ್ ಆದ್ಮೇಲೆ ಬರ್ತೀನಿ."

"ಆಗ ಬಂದ್ರೆ ಇದು ಉಪಯೋಗಕ್ಕೆ ಬರಲ್ಲ, ಯಜಮಾನ್ರೇ" ಅಂದರು ಡಾಕ್ಟರು.

ಜೊತೆಗೆ ಬಂದಿದ್ದ ಅಜ್ಜಿ ಮಾಸ್ಕಿನೊಳಗಿಂದಲೇ ಗುಡುಗಿದರು: "ಗದ್ದೆಗೆ ಔಷಧಿ ಹೊಡೆಯೋದು ಹುಳ ಭತ್ತಾನೆಲ್ಲ ತಿಂದ್ಮೇಲೇನ್ರೀ? ಕೂಡ್ರಿ ಸುಮ್ಕೆ!"

ಅಜ್ಜ ಕೂತು ಅಂಗಿಯ ತೋಳು ಮಡಚಿದರು. "ಹಾಕವ್ವಾ ತಾಯಿ. ಡ್ರಿಪ್ ಆದ್ರೆ ಇಲ್ಲೇ ಮುಗೀತೈತೆ. ಇವಳ ಮಾತು ಮಲೆಬೆನ್ನೂರು ಮುಟ್ಟಿದ್ರೂ ಮುಗಿಯಲ್ಲ."

ಏದುಸಿರು

ಡ್ರಿಪ್ ಆದವರನ್ನು ಕೆಲವು ದಿನ ಬಿಟ್ಟು ಫೋನಿನಲ್ಲಿ ವಿಚಾರಿಸುವುದು ನನ್ನ ಕೆಲಸ. ಅಜ್ಜನ ಮನೆಯ ಮೊಬೈಲಿಗೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಬಾಯಲ್ಲಿ ಶಿವನಾಮ. ಕೊನೆಗೆ ಎತ್ತಿದ್ದು ಅಜ್ಜಿ. ಆ ಕಡೆಯಿಂದ ಬರೀ ಏದುಸಿರು!

"ಅಜ್ಜೀ, ಯಾಕ ಹಿಂಗೆ ಉಸಿರು? ಅಜ್ಜ ಹೆಂಗದಾರೆ?"

"ಅವ್ರಿಗೇನಾಗೈತೆ ಧಾಡಿ! ಜ್ವರ ಬಿಟ್ಟು ಎಲ್ಡು ದಿನ ಆತು. ಇನ್ನೂ ಹೊರಗೆ ಬರಬ್ಯಾಡ್ರಿ ಅಂತ ಕೋಣೆಗೆ ಚಿಲಕ ಹಾಕಿದ್ರೆ, ಕಿಟಕಿ ದಾಟಿ ಗದ್ದೆಗೆ ಓಡ್ಯಾರೆ. ಹಿಡಿಯೋಕೆ ನಾನೂ ಬದುವಿನ ಮೇಲೆ ಓಡ್ತಿದೀನಿ. ಸಿಸ್ಟರಮ್ಮಾ, ಆ ಬಾಟ್ಲಿ ನಂಗೂ ಒಂದು ಹಾಕ್ರವ್ವಾ!"

ಫೋನ್ ಇಟ್ಟು ಕೈ ಮುಗಿದೆ. ನಗು ತಡೆಯಲಾಗಲಿಲ್ಲ, ಕಣ್ಣೀರೂ ಬಂತು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಆ ಪರಶಿವ ಹೀಗೆ ಓಡುವಷ್ಟು ಕಸುವು ಕೊಡಲಿ. ಹಿಂದೆ ಓಡುವವರಿಗೆ ಒಂದು ಹಿಡಿ ಹೆಚ್ಚೇ ಕೊಡಲಿ.