ಕಥೆಯಜ್ಜಿಯ ಆತ್ಮದ ಹಾಜರಿ

ಕಥಾ ಸಂಗ್ರಹ ಇಲಾಖೆಯ ನೌಕರರು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ದೇಹ ಮತ್ತು ಆತ್ಮ ಎರಡರ ಸಮೇತ ಹಾಜರಿರತಕ್ಕದ್ದು. ಇದು ನಿಯಮ. ದೇಹ ಎಂದರೆ ಕುರ್ಚಿಯ ಮೇಲೆ ಕಾಣುವಂಥದ್ದು; ಆತ್ಮ ಎಂದರೆ ಉಳಿದದ್ದು.

ಈ ನಿಯಮದಿಂದ ತೊಂದರೆಗೆ ಸಿಕ್ಕಿದವರು ಕಥೆಯಜ್ಜಿ ಒಬ್ಬರೇ. ಅವರದು ತಲೆತಲಾಂತರದ ವಿದ್ಯೆ. ಡೋಲು ಬಡಿಯುತ್ತ ಕಣ್ಣು ಮುಚ್ಚಿದರೆ ಆತ್ಮ ದೇಹ ಬಿಟ್ಟು ಮೇಲಿನ ಲೋಕಕ್ಕೋ ಕೆಳಗಿನ ಲೋಕಕ್ಕೋ ಹೋಗಿ, ಅಲ್ಲಿ ಕಂಡದ್ದನ್ನು ಕಥೆಯಾಗಿ ಹೊತ್ತು ತರುತ್ತಿತ್ತು. ಇಲಾಖೆ ಅವರನ್ನು ಒಂದು ವರ್ಷಕ್ಕೆ ತಾತ್ಕಾಲಿಕವಾಗಿ ನೇಮಿಸಿಕೊಂಡು, ಅವರ ಡೋಲನ್ನೂ ಇಲಾಖೆಯ ಆಸ್ತಿಯೆಂದು ನಂಬರು ಬರೆದಿತ್ತು. ಕಾಯಂ ಆಗದಿದ್ದರೆ ಅಜ್ಜಿ ಮನೆಗೆ, ಡೋಲು ಗೋದಾಮಿಗೆ. ಡೋಲಿಲ್ಲದೆ ಅಜ್ಜಿಯ ಆತ್ಮ ಹೊಸ್ತಿಲನ್ನೂ ದಾಟಲಾರದು.

ವರ್ಷದ ಕೊನೆಯ ದಿನ ಮೇಲಧಿಕಾರಿ ಹಾಜರಿ ಪುಸ್ತಕ ತೆರೆದರು.

"ಅಜ್ಜಿ, ನೂರ ಹನ್ನೆರಡು ದಿನ ನಿಮ್ಮ ಆತ್ಮ ಗೈರು. ಕಾಯಂ ಮಾಡೋದು ಹೇಗೆ?"

"ಕಥೆ ತರೋಕೆ ಹೋಗಿತ್ತಪ್ಪ."

"ಇಲ್ಲೇ ಕೂತು ತರೋಕಾಗಲ್ವಾ?"

"ಕೂತೋರು ಯಾವತ್ತು ಕಥೆ ತಂದಿದಾರೆ? ಪಾತಾಳಕ್ಕಿಳಿದು ಬಂದೋನು, ಹಕ್ಕಿಯಾಗಿ ಹಾರಿದೋಳು, ಇವರ ಕಥೆ ಯಾವ ಸೀಮೇಲಿ ಇಲ್ಲ ಹೇಳು. ಎಲ್ಲಾ ನನ್ನಂಥೋರು ಹೋಗಿ, ನೋಡ್ಕೊಂಡು ಬಂದು ಹೇಳಿದ್ದೇ."

"ಹೋಗೋ ಮುಂಚೆ ರಜೆ ಚೀಟಿ ಕೊಟ್ಟಿದ್ರಾ?"

ಅಜ್ಜಿಗೆ ರೇಗಿತು. "ಹಾಗಾದ್ರೆ ಎಲ್ಲರದ್ದೂ ಎಣಿಸೋಣ" ಎಂದು ಡೋಲು ಬಡಿದು ಕಣ್ಣು ಮುಚ್ಚಿದರು. (ಆತ್ಮಗಳು ತೆರೆದ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಮುಚ್ಚಿದ್ದು.) ಟೈಪಿಸ್ಟಳ ಆತ್ಮ ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿತ್ತು. ಹಾಜರಿ ಗುಮಾಸ್ತರದು ಅವರ ಮನೆಯ ಮಂಚದ ಮೇಲೆ ಬೋರಲು ಮಲಗಿತ್ತು. ಮೇಲಧಿಕಾರಿಯದನ್ನು ಕಪಾಟಿನ ಹಿಂದೆಲ್ಲ ಹುಡುಕಬೇಕಾಯಿತು.

"ನಿಂದು ಮೂರು ವರ್ಷದ ಹಿಂದೇನೇ ರಾಜಧಾನಿಗೆ ಹೋಗಿದೆ ಕಣಪ್ಪ. ಅಲ್ಲಿ ದೊಡ್ಡ ಕುರ್ಚಿ ಹಿಡಿದು ಕೂತಿದೆ."

ಮೇಲಧಿಕಾರಿ ಗಾಬರಿಯಾಗಲಿಲ್ಲ. "ಕುರ್ಚಿಗೆ ಮೆತ್ತೆ ಇದೆಯಾ?" ಎಂದಷ್ಟೇ ಕೇಳಿದರು.

ಸಂಜೆ ಸುತ್ತೋಲೆ ಹೊರಟಿತು: "ಆತ್ಮದ ಗೈರು ಕಾಯಂ ನೌಕರರ ಸಾಮಾನ್ಯ ಲಕ್ಷಣವೆಂದು ಪರಿಶೀಲನೆಯಿಂದ ತಿಳಿದುಬಂದಿರುತ್ತದೆ. ಆದ್ದರಿಂದ ಕಥೆಯಜ್ಜಿಯವರು ಕಾಯಂ ಹುದ್ದೆಗೆ ಬಹುಮಟ್ಟಿಗೆ ಅರ್ಹರು. ಆದರೆ ಸದರಿಯವರ ಆತ್ಮವು ಪ್ರತಿಸಲವೂ ಮರಳಿ ಬರುತ್ತಿರುವುದು ನ್ಯೂನತೆಯಾಗಿದ್ದು, ಅದನ್ನು ಕೂಡಲೇ ಸರಿಪಡಿಸಿಕೊಳ್ಳತಕ್ಕದ್ದು."

"ಬರಲೇಬಾರದಾ?" ಎಂದರು ಅಜ್ಜಿ.

"ಬಂದ್ರೆ ಕಥೆ ಹೇಳ್ತೀರಿ," ಹಾಜರಿ ಗುಮಾಸ್ತರು ಸಮಾಧಾನವಾಗಿ ವಿವರಿಸಿದರು. "ಹೇಳಿದ್ರೆ ನಾವು ಬರ್ಕೋಬೇಕು. ಯಾಕಜ್ಜಿ ಎಲ್ಲರಿಗೂ ತೊಂದರೆ?"

ಡೋಲಿನ ಮುಖ ನೋಡಿ ಅಜ್ಜಿ ಸುತ್ತೋಲೆಗೆ ರುಜು ಹಾಕಿದರು.

ಮರುದಿನ ಹೋದ ಆತ್ಮ ಬರಲಿಲ್ಲ. ಮೇಲಿನ ಲೋಕದಲ್ಲಿ ಅಜ್ಜಿಯ ಅಜ್ಜಿ, ಆಕೆಯ ಅಜ್ಜಿ, ಎಲ್ಲರೂ ಮೋಡದ ಮೇಲೆ ಕಾಲು ಚಾಚಿ ಕೂತಿದ್ದರು. "ಕೆಳಗಿಂದ ಏನಾದ್ರೂ ಕಥೆ ತಂದಿದೀಯೇನೇ?" ಎಂದರು. ಕಥೆಯಜ್ಜಿ ಇಲಾಖೆಯ ಕಥೆ ಹೇಳತೊಡಗಿದರು. "ಇಷ್ಟೊಂದು ಸುಳ್ಳು ಸೇರಿಸಬಾರದು ಮಗಾ" ಎಂದು ಹಿರಿಯಜ್ಜಿ ಗದರಿದರು. ಆದರೂ ಮುಂದಿನದನ್ನು ಹೇಳಿಸಿಕೊಂಡರು.

ಕೆಳಗೆ ಮೇಲಧಿಕಾರಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಅಜ್ಜಿಯನ್ನು ಹೊಸ ನೌಕರರಿಗೆ ತೋರಿಸುತ್ತಿದ್ದರು.

"ನೋಡಿ, ಒಂದು ವರ್ಷ ಹಿಡೀತು. ಕೊನೆಗೂ ಕೆಲಸ ಕಲಿತರು."

ಹೊಸಬರು ಅದನ್ನು ಬರೆದುಕೊಂಡರು.