ಫ್ರಿಜ್ಜಿನ ಉಪವಾಸ

ಮನುಷ್ಯರು ಉಪವಾಸ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಫ್ರಿಜ್ಜು ಉಪವಾಸ ಮಾಡುವುದನ್ನು ನೋಡಿದ್ದೀರಾ? ಇಲ್ಲವಾದರೆ ಬೈಲಹೊಂಗಲಕ್ಕೆ ಬನ್ನಿ. ನಮ್ಮ ವೈನಿ ಊರಿಗೆ ಹೊರಡುವ ಹದಿನೈದು ದಿನ ಮೊದಲು ಬನ್ನಿ. ಬರುವಾಗ ಹೊಟ್ಟೆ ಗಟ್ಟಿ ಮಾಡಿಕೊಂಡೇ ಬನ್ನಿ. ಉಪವಾಸ ಫ್ರಿಜ್ಜಿನದಾದರೂ ಉಣ್ಣುವ ಕರ್ಮ ನಿಮ್ಮದು!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ಐದನೇ ಇಯತ್ತೆಯಲ್ಲಿದ್ದೆ. ಈಗ ನನಗೆ ಎಪ್ಪತ್ತೆರಡು. ಆದರೆ ವೈನಿ ನನ್ನನ್ನು ಇನ್ನೂ ಐದನೇ ಇಯತ್ತೆಯಿಂದ ಮೇಲೆ ಹತ್ತಿಸಿಲ್ಲ. ಅಣ್ಣ ಹೋಗಿ ಬಹಳ ವರ್ಷಗಳಾದವು. ಆರು ವರ್ಷದ ಹಿಂದೆ ನನ್ನ ಮನೆಯವಳೂ ಹೋದಳು. ಒಂದೇ ಗೋಡೆಯ ಆಚೆ ವೈನಿ, ಈಚೆ ನಾನು. ಮನೆಯವಳು ಹೋದ ಹೊಸದರಲ್ಲಿ ನಾನು ಚಹಾ ಬಿಸ್ಕೀಟಿನ ಮೇಲೆ ದಿನ ತಳ್ಳುತ್ತಿದ್ದೆ. ಒಂದು ಮಧ್ಯಾಹ್ನ ವೈನಿ ಬಂದವರೇ ಏನೂ ಕೇಳದೆ, ಮಗುವಿನ ಜ್ವರ ನೋಡುವ ಹಾಗೆ ನನ್ನ ಒಲೆ ಮುಟ್ಟಿ ನೋಡಿದರು. “ತಣ್ಣಗೈತಿ,” ಎಂದರು. ಅಂದಿನಿಂದ ನನ್ನ ಊಟ ಗೋಡೆಯ ಆಚೆಗೆ.

ಅವರ ಫ್ರಿಜ್ಜು ಒಂಟಿ ಬಾಗಿಲಿನದು, ಅವರಷ್ಟೇ ಹಠದ್ದು. ದಸರೆಯ ಖಂಡೇಪೂಜೆಗೆ ಅದಕ್ಕೂ ವಿಭೂತಿ, ಅದಕ್ಕೂ ಹೂವು. ಒಳಗಿನ ದೀಪ ಯಾವ ಕಾಲಕ್ಕೋ ಕೆಟ್ಟಿದೆ. ಹೊಸದು ಹಾಕಿಸಿರೆಂದರೆ, “ಕಳ್ಳಗ ಬೆಳಕ ಯಾಕ ಬೇಕು?” ಎನ್ನುತ್ತಾರೆ. ಕಳ್ಳ ಯಾರೆಂದು ನಾನು ಹೇಳುವುದಿಲ್ಲ. ಶೇಂಗಾ ಹೋಳಿಗೆಗಳು ಕಡಿಮೆಯಾಗುತ್ತವೆ, ಅಷ್ಟೇ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ವೈನಿ ಮೂರು ತಿಂಗಳ ಮಟ್ಟಿಗೆ ರಾಮದುರ್ಗಕ್ಕೆ, ಮಗಳ ಮನೆಗೆ ಹೊರಟರು. ಮೊಮ್ಮಗಳ ಬಾಣಂತನ. ಹದಿನೈದು ದಿನ ಇರುವಾಗಲೇ ಫ್ರಿಜ್ಜಿನ ಮುಂದೆ ನಿಂತು ಕಟ್ಟಳೆ ಹೊರಡಿಸಿದರು: “ಇವತ್ತಿಂದ ಇದರೊಳಗ ಹೋಗೂದು ಇಲ್ಲ. ಹೊರಗ ಬರೂದು ಅಷ್ಟ!”

ಹೊರಗೆ ಬಂದದ್ದೆಲ್ಲ ಎಲ್ಲಿಗೆ ಹೋಗಬೇಕು? ನನ್ನ ತಾಟಿಗೆ! ಮೊದಲ ದಿನ ಅರ್ಧ ಕೋಸುಗಡ್ಡೆ, ಮೂರು ಬೆಂಡೆಕಾಯಿ, ಒಂದು ಅನಾಥ ಬದನೆಕಾಯಿ, ಒಂದು ಹಿಡಿ ಮೊಳಕೆ ಮಡಿಕೆಕಾಳು, ಎಲ್ಲ ಒಂದೇ ಬಾಣಲೆಯಲ್ಲಿ ಕೂಡಿಕೊಂಡು ಬಂದವು.

“ವೈನಿ, ಇದು ಯಾವ ಪಲ್ಯಾರೀ?”

“ಊರಿಗೆ ಹೋಗೂ ಪಲ್ಯ. ಹೆಸರ ಕೇಳಬ್ಯಾಡ, ರೊಟ್ಟಿ ಮುರಿ.”

ಹತ್ತನೇ ದಿನಕ್ಕೆ ಹಿಂದಿನ ಸಾಲಿನ ಡಬ್ಬಿಗಳ ಸರದಿ. ಒಂದರಲ್ಲಿ ಕೆಂಪಗಿನ ಪುಡಿ. ಏನೆಂದು ಅವರಿಗೂ ನೆನಪಿಲ್ಲ. “ಮೂಸಿ ನೋಡು,” ಎಂದರು. ಮೂಸಿದೆ. ಒಂಬತ್ತು ಸಲ ಸೀನಿದೆ. “ಹಂಗಾದ್ರ ಖಾರ,” ಎಂದು ತೀರ್ಪು ಕೊಟ್ಟು ಡಬ್ಬಿ ಮುಚ್ಚಿದರು. ನನ್ನಿಂದ ಉಂಡು ಮುಗಿಸಲಾಗದ್ದೆಲ್ಲ ಓಣಿಯ ಮನೆಗಳಿಗೆ ಹೋಯಿತು. ಎದುರು ಮನೆಯಾಕೆ ನನ್ನನ್ನು ತಡೆದು ಕೇಳಿದಳು: “ಕಾಕಾ, ಅಮ್ಮಾರು ಊರಿಗೆ ಹೊಂಟಾರೇನ್ರಿ?”

“ಹೌದವಾ. ನಿನಗ ಹೇಳಿದ್ರೇನು?”

“ಹೇಳೂದ್ಯಾಕ್ರಿ? ನಾಕ ದಿನ ಆತು, ನಮ್ಮ ಮನ್ಯಾಗ ಒಲಿ ಹಚ್ಚಿಲ್ಲ!”

ಹೊರಡುವ ಮುನ್ನಾದಿನ ಬರ್ಫ ಕರಗಿಸುವ ಕಾರ್ಯಕ್ರಮ. ಸ್ವಿಚ್ಚು ತೆಗೆದು, ಕೆಳಗೆ ಹಳೆಯ ಧೋತರ ಹಾಸಿ, ಒಳಗೆ ಬಿಸಿನೀರಿನ ಪಾತೆಲಿ ಇಟ್ಟರು. ಬೇಗ ಮುಗಿಯಲೆಂದು ನಾನು ಚೂರಿ ಎತ್ತಿದೆ.

“ಚೂರಿ ಹಚ್ಚಬ್ಯಾಡ! ಅದರ ಕರಳ ಹರಿತೈತಿ!” ಎಂದು ಕೈ ಹಿಡಿದರು. ಬರ್ಫ ಹನಿಹನಿಯಾಗಿ ಇಳಿಯತೊಡಗಿತು. ವೈನಿ ಗಲ್ಲಕ್ಕೆ ಕೈ ಹಚ್ಚಿ, “ನೋಡ ತಮ್ಮಾ, ಅಳಾಕ ಹತ್ತೇತಿ. ನಾ ಹೋಗೂದು ತಿಳೀತು ಅದಕ್ಕ,” ಎಂದರು.

“ನನಗೂ ಅಳು ಬರಾಕ ಹತ್ತೇತ್ರಿ. ನೆಲಾ ಒರಸಾವ ನಾನ ಅಲ್ಲೇನ್ರಿ?”

ಒರೆಸಿ, ಬೆನ್ನು ಹಿಡಿದುಕೊಂಡು ನಾನು ಮಲಗಲು ಹೋದೆ. ಸೋಡಾಪುಡಿಯ ನೀರಿನಿಂದ ತೊಳೆದು ಒಣಗಿಸುವ ಕೆಲಸವನ್ನು ಅವರೊಬ್ಬರೇ ಮಾಡಿದರು. ಮರುದಿನ ನೋಡಿದರೆ ಬಾಗಿಲ ಸಂದಿಯಲ್ಲಿ ಲಟ್ಟಣಿಗೆ ಸಿಕ್ಕಿಸಿದ್ದಾರೆ. ಮೇಲೆ ಒಂದು ಕಾಗದ: “ಬಂದ್ ಮಾಡಬಾರದು.”

ಬಸ್ಸಿಗೆ ಹೊರಡುವಾಗ ನನ್ನ ಕೈಗೊಂದು ಪಿಂಗಾಣಿ ಬಟ್ಟಲು ಕೊಟ್ಟರು. ಅದರಲ್ಲಿ ಹೆಪ್ಪಿನ ಮೊಸರು. ಅದು ಸಾಮಾನ್ಯ ಹೆಪ್ಪಲ್ಲ. ನಮ್ಮ ಅವ್ವ ತೊರಗಲ್ಲಿನ ತವರಿನಿಂದ ತಂದದ್ದು. ಅವ್ವನಿಂದ ವೈನಿಗೆ ಬಂದು, ದಿನವೂ ಹಾಲಿಗೆ ಬಿದ್ದು, ಒಂದು ದಿನವೂ ತಪ್ಪದೆ ನಮ್ಮ ಮನೆಯಲ್ಲಿ ಬದುಕಿಕೊಂಡು ಬಂದದ್ದು. “ಸಂಜಿಗೆ ಹಾಲು ಕಾಸು. ಉಗುರುಬೆಚ್ಚಗ ಆದ ಮ್ಯಾಲೆ ಒಂದು ಚಮಚ ಹಾಕು. ಮುಂಜಾನೆ ಮೊಸರ ಉಣ್ಣು. ಒಂದು ಚಮಚ ಉಳಸು. ನಿಮ್ಮವ್ವನ ಹೆಪ್ಪು ನಿನ್ನ ಕೈಯಾಗ ಕೊಟ್ಟೇನಿ, ತಮ್ಮಾ,” ಎಂದರು.

ರಾಮದುರ್ಗದಿಂದ ದಿನವೂ ಫೋನು. ಬಾಣಂತಿ ಅಲ್ಲಿ, ವಿಚಾರಣೆ ಇಲ್ಲಿ! “ಹೆಪ್ಪು ಆರಾಮೈತೇನು?” ಆಮೇಲೆ, “ನೀ?”

ಇಪ್ಪತ್ತು ದಿನ ಸಾಕಿದೆ. ಅಷ್ಟರಲ್ಲಿ ಸಾಲಹಳ್ಳಿಯ ಗೆಳೆಯನೊಬ್ಬ ಹೊಸ ಮನೆಯ ವಾಸ್ತುಶಾಂತಿಗೆ ಕರೆದ. ಒಂದು ದಿನದ ಮಾತು. ಆದರೆ ಆ ಬಿಸಿಲಿನಲ್ಲಿ ಹೆಪ್ಪು ಹುಳಿಯಾದರೆ? ನನ್ನ ಮನೆಯಲ್ಲಿ ಫ್ರಿಜ್ಜಿಲ್ಲ. ಬೀಗದ ಕೈ ತೆಗೆದುಕೊಂಡು ವೈನಿಯ ಮನೆಗೆ ಹೋದೆ. ಫ್ರಿಜ್ಜಿನ ಮೇಲೆ ಬರೆದಿದೆ: ಬಂದ್ ಮಾಡಬಾರದು.

ನಾನು ಹೈಸ್ಕೂಲು ಕಲಿತವನು, ನನಗೆ ಕನ್ನಡ ಓದಲು ಬರುವುದಿಲ್ಲವೇ? ನಮ್ಮ ಕಡೆ ಪಂಖಾ ಬಂದ್ ಮಾಡುತ್ತೇವೆ, ಲೈಟು ಬಂದ್ ಮಾಡುತ್ತೇವೆ. ಬಂದ್ ಮಾಡಬಾರದು ಎಂದರೆ, ತೊಳೆದ ಮೇಲೆ ವೈನಿ ಮತ್ತೆ ಸ್ವಿಚ್ಚು ಹಾಕಿದ್ದಾರೆ, ಫ್ರಿಜ್ಜು ಚಾಲೂ ಇದೆ ಎಂದಾಯಿತು! ಹಾಗಾದರೆ ಸಂದಿಯಲ್ಲಿ ಲಟ್ಟಣಿಗೆ ಏಕೆ? ಪಾಪ, ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡೆ. ತಂಪೆಲ್ಲ ಹೊರಗೆ ಹೋಗುತ್ತಿದೆಯಲ್ಲ ಎಂದು ಮರುಗಿ, ಲಟ್ಟಣಿಗೆ ಕಿತ್ತು, ಬಟ್ಟಲು ಇಟ್ಟು, ಬಾಗಿಲನ್ನು ಗಟ್ಟಿಯಾಗಿ ಒತ್ತಿದೆ. ದೀಪ ಮೊದಲೇ ಇಲ್ಲ. ಸದ್ದು ಕೇಳುವ ಕಿವಿ ನನ್ನದಲ್ಲ. ವೈನಿ ನನ್ನ ಒಲೆ ಮುಟ್ಟಿ ನೋಡಿದ ಹಾಗೆ ನಾನು ಆ ಫ್ರಿಜ್ಜನ್ನೊಮ್ಮೆ ಮುಟ್ಟಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ. ನಮ್ಮ ಕಡೆ ಬಾಗಿಲನ್ನೂ ಬಂದ್ ಮಾಡುತ್ತೇವೆ ಎಂಬುದು ಹೊಳೆಯಲೂ ಇಲ್ಲ.

ಸಾಲಹಳ್ಳಿಯಲ್ಲಿ ಗೋಧಿ ಹುಗ್ಗಿ ಚೆನ್ನಾಗಿತ್ತು. ಒಂದು ದಿನದ ಮಾತು ನಾಲ್ಕು ದಿನವಾಯಿತು. ತಿರುಗಿ ಬಂದು ಬಾಗಿಲು ತೆಗೆದೆ ನೋಡಿ! ವಾಸನೆ ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ಬಟ್ಟಲಿನಲ್ಲಿ ಹಸಿರು, ಕಪ್ಪು, ಕೇಸರಿ ಬೂಸ್ಟು. ಅವ್ವನ ತವರನ್ನೇ ಕೈಯಾರೆ ಕೊಂದ ಹಾಗಾಯಿತು.

ಆಗಲೇ ನಿಜ ಹೇಳಬಹುದಿತ್ತು. ನಾನೇನು ಮಾಡಿದೆ? ಬಟ್ಟಲನ್ನು ಹಿತ್ತಲಲ್ಲಿ ಸುರಿದು, ಬೂದಿ ಹಚ್ಚಿ ತಿಕ್ಕಿದೆ. ಎರಡು ದಿನ ಫ್ರಿಜ್ಜು ತೊಳೆದೆ. ಲಟ್ಟಣಿಗೆಯನ್ನು ಇದ್ದಲ್ಲೇ ಸಿಕ್ಕಿಸಿದೆ. ಮೂಲೆಯಂಗಡಿಯ ಪಾಕೀಟು ಮೊಸರು ತಂದು ಹೆಪ್ಪು ಹಾಕಿದೆ. ಫೋನು ಬಂದಾಗ, “ಆರಾಮೈತ್ರಿ,” ಎಂದೆ. ಅಂದೂ ಎಂದೆ, ಮರುದಿನವೂ ಎಂದೆ.

ವೈನಿ ಮರಳಿ ಬಂದರು. ಮೊದಲ ತುತ್ತು ಮೊಸರನ್ನ ಬಾಯಿಗಿಟ್ಟರು. ಅವರು ಕಣ್ಣು ಮುಚ್ಚಿ, “ಅದ ರುಚಿ ನೋಡು! ಅತ್ತೀ ಕೈಯಂದ,” ಎಂದರು. ಪಾರಾದೆ ಎಂದುಕೊಂಡೆ. ಎಲ್ಲಿಯ ಪಾರು? ಎರಡು ವರ್ಷ, ಮನೆಗೆ ಬಂದವರಿಗೆಲ್ಲ “ಇದು ನಮ್ಮತ್ತೀ ಹೆಪ್ಪು” ಎಂದು ವೈನಿ ಬಡಿಸುವಾಗ ನಾನು ಮಾಳಿಗೆಯ ತೊಲೆಗಳನ್ನು ಎಣಿಸುತ್ತ ಕೂತಿದ್ದೇನೆ.

ಕಳೆದ ವಾರ ಮತ್ತೆ ರಾಮದುರ್ಗ, ಮೊಮ್ಮಗಳಿಗೆ ಎರಡನೆಯದು. ಮತ್ತೆ ಉಪವಾಸ, ಮತ್ತೆ ಊರಿಗೆ ಹೋಗುವ ಪಲ್ಯ, ಮತ್ತೆ ಧೋತರ. ಬರ್ಫ ಹನಿಯುತ್ತಿತ್ತು. ನಾಳೆ ಆ ಬಟ್ಟಲು ಮತ್ತೆ ನನ್ನ ಕೈಗೆ ಬರುತ್ತದೆಂಬುದು ನೆನಪಾಗಿ ತಡೆಯಲಾಗಲಿಲ್ಲ.

“ವೈನಿ, ನಾ ಒಂದು ತಪ್ಪು ಮಾಡೇನ್ರಿ.”

“ಒಂದ?”

ಎಲ್ಲ ಹೇಳಿದೆ. ಲಟ್ಟಣಿಗೆ, ಹುಗ್ಗಿ, ಬೂಸ್ಟು, ಪಾಕೀಟು. ಅವರು ಕೈಯಲ್ಲಿನ ಅರಿವೆಯನ್ನು ಹಿಂಡುತ್ತಲೇ, “ಗೊತ್ತೈತಿ,” ಎಂದರು.

“ಹೆಂಗ್ರಿ?”

“ಬಟ್ಟಲಾ ಫಳಫಳ ಹೊಳೀತಿತ್ತು. ನಾ ಈ ಮನಿಗೆ ಬಂದಾಗಿಂದ ನೀ ಒಂದು ಬಟ್ಟಲಾ ತಿಕ್ಕಿದ್ದು ಕಂಡಿಲ್ಲ.”

“ಮತ್ತ ಅದ ರುಚಿ ಅಂದ್ರಲ್ರೀ?”

ವೈನಿ ಅರಿವೆ ಬಿಟ್ಟು ನೆಲಕ್ಕೆ ಕೂತರು. ಅವರ ದನಿ ಇಳಿಯಿತು. “ನಾ ಬಂದ ಮೊದಲನೇ ವರ್ಷ, ಅತ್ತಿ ತೊರಗಲ್ಲಿಗೆ ಹೋಗಿದ್ರು. ನಾ ಹೆಪ್ಪಿನ ಗಡಿಗಿ ಮುಚ್ಚಲಿಲ್ಲ, ಬೆಕ್ಕು ಬಾಯಿ ಹಾಕ್ತು. ಅಂಜಿ, ಮಗ್ಗಲ ಮನಿಯಿಂದ ಹೆಪ್ಪು ತಂದಿಟ್ಟೆ. ಅತ್ತಿ ಬಂದು ಉಂಡು, ‘ನನ್ನ ತವರಿನ ರುಚಿ’ ಅಂದ್ರು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮ್ಮಣ್ಣಗೂ ಹೇಳಿಲ್ಲ.”

“ಅವ್ವಗ ತಿಳೀಲಿಲ್ಲೇನ್ರಿ?”

“ಯಾರಿಗ್ಗೊತ್ತು? ಮರುದಿನ ಸಂತಿಯಿಂದ ಗಡಿಗಿಗೆ ಒಂದು ಮುಚ್ಚಳ ತಂದುಕೊಟ್ರು. ಮಾತು ಮಾತ್ರ ಆಡಲಿಲ್ಲ.”

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಮೇಲೆ ಯಾರು ಮೊದಲು ನಕ್ಕರೋ! ಎರಡು ವರ್ಷದ ನನ್ನ ಭಾರ, ಅಷ್ಟೆಲ್ಲ ವರ್ಷಗಳ ಅವರ ಭಾರ, ಎರಡೂ ಆ ಹಳೆಯ ಧೋತರದ ಮೇಲೆ ಹನಿದು ಹೋದವು. ನೆಲ ಮಾತ್ರ ಈ ಸಲವೂ ನಾನೇ ಒರೆಸಿದೆ.

ಮರುದಿನ ಹೊರಡುವಾಗ ವೈನಿ ಬಟ್ಟಲನ್ನು ನನ್ನ ಕೈಗಿಟ್ಟು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, “ತಗೋ. ನಿಮ್ಮವ್ವನ ಹೆಪ್ಪು,” ಎಂದರು.

“ಹೌದ್ರಿ,” ಎಂದೆ ನಾನೂ.

ಬಸ್ಸು ಹತ್ತಿಸಿ ಬಂದು, ಅವರ ಮನೆಯ ಹಿತ್ತಲ ಬಾಗಿಲು ಭದ್ರವಾಗಿದೆಯೇ ಎಂದು ನೋಡಲು ಒಳಗೆ ಹೋದೆ. ಸಂದಿಯಲ್ಲಿ ಅದೇ ಲಟ್ಟಣಿಗೆ. ಮೇಲೆ ಹೊಸ ಕಾಗದ, ಐದನೇ ಇಯತ್ತೆಯ ಹುಡುಗನಿಗೆ ಬರೆದಂತೆ ದೊಡ್ಡ ಅಕ್ಷರ: “ಫ್ರಿಜ್ ಚಾಲೂ ಇಲ್ಲ. ಬಾಗಲಾ ತಗದ ಇರಲಿ. ಒಳಗ ಏನೂ ಇಡಬ್ಯಾಡ.” ಅದರ ಕೆಳಗೆ, ಜಾಗ ಸಾಲದೆ ಮೂಲೆಗೆ ಒತ್ತರಿಸಿ ಬರೆದ ಇನ್ನೊಂದು ಸಾಲಿತ್ತು:

“ಉಣ್ಣೂದು ಬಂದ್ ಮಾಡಬ್ಯಾಡ.”

ಈ ಸಲ ಆ ಮಾತಿನ ಅರ್ಥ ತಪ್ಪಲಿಲ್ಲ. ಬಟ್ಟಲು ಹಿಡಿದುಕೊಂಡು ಗೋಡೆಯ ಈಚೆಗೆ ಬಂದು, ಹಾಲು ಕಾಸಲು ಒಲೆ ಹಚ್ಚಿದೆ.