ಒಂದೇ ವಾರದಲ್ಲಿ ಎರಡು ಸಲ ಹೊರಗೆ ಕೂತದ್ದು

ಹೊಸಪೇಟೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ಹಾರ್ಮೋನುಗಳ ಪಾಠವನ್ನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಗರ್ಭಾಶಯದ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಇಂಥವಳಿಗೆ ತನ್ನದೇ ಹೊಟ್ಟೆಯ ಹಸಿವನ್ನು ಹದ್ದುಬಸ್ತಿನಲ್ಲಿಡುವುದು ಏನು ಮಹಾ ಕೆಲಸ ಎಂದು ನಂಬಿದ್ದೆ. ಆ ನಂಬಿಕೆ ನನ್ನನ್ನು ಲೇಡಿ ಡಾಕ್ಟರ ಎದುರಿಗೆ ಆರೋಪಿಯಂತೆ ನಿಲ್ಲಿಸಿತು.

ತಿಂಗಳಿಗೊಮ್ಮೆ, ಮುಟ್ಟು ಬರುವ ಮುಂಚಿನ ವಾರ, ನನಗೆ ವಿಪರೀತ ಹಸಿವು. ಮಧ್ಯಾಹ್ನದ ಡಬ್ಬಿ ಎರಡನೇ ಪೀರಿಯಡ್ಡಿಗೇ ಖಾಲಿ. ಮೂರನೇ ಪೀರಿಯಡ್ಡಿನಲ್ಲಿ ಜೀರ್ಣಾಂಗವ್ಯೂಹದ ಪಾಠ ಮಾಡುತ್ತಾ ಗಣಿತದ ಮೇಡಂ ಡಬ್ಬಿಯಲ್ಲಿ ಏನಿರಬಹುದೆಂದು ಯೋಚಿಸುತ್ತಿರುತ್ತೇನೆ. ಮನೆಯಲ್ಲಿ ನಾನು ನಾಲ್ಕನೇ ರೊಟ್ಟಿಗೆ ಕೈ ಹಾಕಿದರೆ ನಮ್ಮ ಮನೆಯವರು ನನ್ನನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡುತ್ತಾರೆ. ಅವರು ವರ್ಷದ ಹನ್ನೆರಡು ತಿಂಗಳೂ ಐದು ರೊಟ್ಟಿ ತಿನ್ನುತ್ತಾರೆ. ಅವರ ತಟ್ಟೆಯನ್ನು ಇಂದಿನವರೆಗೆ ಯಾರೂ ನೋಡಿಲ್ಲ!

ಇದರಿಂದ ಸಿಟ್ಟುಗೊಂಡು ನಾನೊಂದು ಯೋಜನೆ ಹಾಕಿದೆ. ಡ್ರಾಯಿಂಗ್ ಹಾಳೆಯ ಮೇಲೆ ಇಪ್ಪತ್ತೆಂಟು ಚೌಕ. ಕೊನೆಯ ಏಳು ಚೌಕ ಕೆಂಪು. ಆ ಏಳು ದಿನ ಹಸಿವು ಬರುವ ಮೊದಲೇ ತಿಂದುಬಿಡಬೇಕು: ಬೆಳಿಗ್ಗೆ ರೊಟ್ಟಿ ಮತ್ತು ಕಾಳು ಪಲ್ಯ, ಹನ್ನೊಂದಕ್ಕೆ ಶೇಂಗಾ ಬೆಲ್ಲ, ನಾಲ್ಕಕ್ಕೆ ಮೊಳಕೆ ಹೆಸರುಕಾಳು. ಹಾಳೆಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆ. ಮೊದಲ ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಯಾರ ಡಬ್ಬಿಯನ್ನೂ ನಾನು ದಿಟ್ಟಿಸಲಿಲ್ಲ. ನಮ್ಮ ಹೆಡ್‌ಮಿಸ್ ಕೂಡ ತಮಗೊಂದು ಪ್ರತಿ ಬೇಕೆಂದರು. ನಾನು ಸ್ವಲ್ಪ ಉಬ್ಬಿದೆ.

ಎರಡನೇ ತಿಂಗಳು ಶ್ರಾವಣ ಬಂತು.

ನಮ್ಮದು ಕಮಲಾಪುರದಲ್ಲಿ ಮನೆ. ಶ್ರಾವಣ ಸೋಮವಾರ ನಮ್ಮ ಅತ್ತೆ ಉಪವಾಸ, ಆದ್ದರಿಂದ ನಾನೂ ಉಪವಾಸ. ಸಂಜೆ ಈಶ್ವರನ ಗುಡಿಗೆ ಹೋಗಿಬರುವವರೆಗೆ ಒಲೆಯ ಮೇಲೆ ಬೇಯುವುದು ದೇವರ ಎಡೆ ಮಾತ್ರ. ತೀರಾ ಆಗದಿದ್ದರೆ ಬಾಳೆಹಣ್ಣು, ಹಾಲು ತಗೊಳ್ಳಬಹುದು. ನಮ್ಮ ಮನೆಯವರಿಗೆ ಬಾಳೆಹಣ್ಣಿನ ಮಂಡಿ ಇದೆ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಅದೇ ಹಣ್ಣು, ಅದೇ ವಾಸನೆ, ಅದರದೇ ಮಾತು. ಬಾಳೆಹಣ್ಣು ಕಂಡರೆ ನನಗೆ ಹಸಿವು ಹೋಗುವುದಿಲ್ಲ, ಸಿಟ್ಟು ಬರುತ್ತದೆ.

ಮೂರನೇ ಸೋಮವಾರ ಸರಿಯಾಗಿ ನನ್ನ ಕೆಂಪು ಚೌಕಗಳ ನಡುವೆ ಬಂದು ಕೂತಿತು. ಹಿಂದಿನ ದಿನ ಅತ್ತೆಗೆ ಹೇಳಿ ನೋಡಿದೆ. ಈ ವಾರ ನನಗೆ ಹಸಿವು ಜಾಸ್ತಿ, ಅದಕ್ಕೆ ದೇಹದೊಳಗೇ ಕಾರಣವಿದೆ ಎಂದು ಸಾಧ್ಯವಾದಷ್ಟು ಸರಳವಾಗಿ ವಿವರಿಸಿದೆ. ಅವರು ಹೂಬತ್ತಿ ಹೊಸೆಯುತ್ತಾ ಕೊನೆಯವರೆಗೆ ಕೇಳಿದರು.

"ಹಸಿವು ಆಗದಿದ್ರ ಅದು ಉಪವಾಸ ಹೆಂಗ ಆಗ್ತೈತವ್ವಾ?" ಎಂದರು.

ನನ್ನ ವಿಜ್ಞಾನದ ಪಾಠ ಅಲ್ಲಿಗೆ ಮುಗಿಯಿತು.

ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದು ಸುಳ್ಳು ಹೇಳಿದೆ. ಬರಬೇಕಾದದ್ದು ನಾಲ್ಕು ದಿನ ಮುಂಚೆಯೇ ಬಂತು ಎಂದುಬಿಟ್ಟೆ.

"ಅತ್ತೀ, ನಾನು ಹೊರಗಾಗೀನ್ರಿ."

ಹೊರಗಾದವಳಿಗೆ ಉಪವಾಸವಿಲ್ಲ, ಪೂಜೆಯಿಲ್ಲ. ನನ್ನ ಲೆಕ್ಕಾಚಾರ ಅಷ್ಟೇ ಇತ್ತು. ಅತ್ತೆ ತಲೆಯಾಡಿಸಿ ಹಿತ್ತಲ ಕಡೆಯ ಕೋಣೆಯ ಬಾಗಿಲು ತೆರೆದು, ಚಾಪೆ ಮತ್ತು ತಂಬಿಗೆಯನ್ನು ಇಟ್ಟಾಗ ನನಗೆ ಉಳಿದದ್ದು ನೆನಪಾಯಿತು. ಹೊರಗಾದವಳಿಗೆ ಮೂರು ದಿನ ಅಡುಗೆಮನೆಯೂ ಇಲ್ಲ! ಪ್ರತಿ ತಿಂಗಳು ನಾನು ಕೂರುವುದು ಅದೇ ಕೋಣೆಯಲ್ಲಿ. ಅನ್ಯಾಯವೆಂದು ಪ್ರತಿ ತಿಂಗಳು ಗೊಣಗುತ್ತೇನೆ. ಆ ಅನ್ಯಾಯವನ್ನು ಸ್ವಂತ ಬಾಯಿಂದ ಕೇಳಿ ತೆಗೆದುಕೊಂಡವಳು ಮಾತ್ರ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಬೇರೆ ದಿನವಾದರೆ ಶಾಲೆಗೆ ಹೋಗಿ ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದೆ. ಆದರೆ ಭಾನುವಾರ ಕ್ರೀಡಾಕೂಟ ನಡೆಸಿದ್ದಕ್ಕೆ ಅಂದು ಬದಲಿ ರಜೆ. ಹೊರಗಾದವಳು ಹಸಿದಿರಬಾರದು ಎಂದು ಅತ್ತೆ ಒಂಬತ್ತಕ್ಕೆ ಹೊಸ್ತಿಲ ಮೇಲೆ ಏನೋ ಇಟ್ಟು ಹೋದರು. ಆಸೆಯಿಂದ ನೋಡಿದೆ. ಬಾಳೆಹಣ್ಣು. ಆರು.

ಗಂಡನಿಗೆ ಫೋನು ಮಾಡಿ, ತಿನ್ನಲು ಏನಾದರೂ ಕಳಿಸಿರಿ, ಪ್ರಾಣ ಹೋಗುತ್ತಿದೆ ಎಂದೆ. ಅವರು ಅರ್ಧ ಗಂಟೆಯಲ್ಲಿ ಕೆಲಸದವನ ಕೈಲಿ ಒಂದು ಚೀಲ ಕಳಿಸಿದರು. ಬೆನ್ನಿಗೇ ಫೋನೂ ಬಂತು. ಇವು ಸುಗಂಧಿ ಬಾಳೆ, ಮಂಡಿಗೆ ಬಂದ ಲೋಡಿನಲ್ಲೇ ಒಳ್ಳೆಯವು, ಗಿರಾಕಿಗೂ ಕೊಡದೆ ನಿನಗೆಂದು ತೆಗೆದಿಟ್ಟೆ ಎಂದು ಪ್ರೀತಿಯಿಂದ ಹೇಳಿದರು. ನಾನು ಫೋನಿಟ್ಟೆ.

ಹನ್ನೊಂದಾಯಿತು. ನನ್ನ ಶೇಂಗಾ ಬೆಲ್ಲದ ಡಬ್ಬಿ ಅಡುಗೆಮನೆಯ ಎರಡನೇ ಹಲಗೆಯ ಮೇಲೆ, ಹದಿನೈದು ಹೆಜ್ಜೆ ದೂರದಲ್ಲಿತ್ತು. ಎಡೆಯ ಅಡುಗೆ ಮುಗಿಸಿದ ಅತ್ತೆ ಪೂಜೆಗೆಂದು ಇನ್ನೊಮ್ಮೆ ಸ್ನಾನಕ್ಕೆ ಹೋದ ಸದ್ದು ಕೇಳಿದೊಡನೆ ಎದ್ದೆ. ಎಂಟನೇ ತರಗತಿಯ ಮಕ್ಕಳಿಗೆ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುವ ಶಿಕ್ಷಕಿ ತುದಿಗಾಲಲ್ಲಿ ಸ್ವಂತ ಅಡುಗೆಮನೆಗೆ ಕಳ್ಳಿಯಂತೆ ನುಗ್ಗಿದಳು. ಡಬ್ಬಿ ಸಿಕ್ಕಿತು. ಒಂದು ಮುಷ್ಟಿ ಬಾಯಿಗೆ ಹೋಯಿತು. ಎರಡನೆಯ ಮುಷ್ಟಿಯ ಅವಸರದಲ್ಲಿ ಸ್ಟೀಲ್ ಮುಚ್ಚಳ ಕೈಜಾರಿ, ನೆಲದ ಮೇಲೆ ಗರಗರ ಸುತ್ತಿ, ಎಡೆಗೆಂದು ಮಾಡಿಟ್ಟ ಗೋಧಿ ಹುಗ್ಗಿಯ ಪಾತ್ರೆಗೆ ಬಡಿದು ಮಲಗಿತು.

ಅತ್ತೆ ಒದ್ದೆ ಸೀರೆಯಲ್ಲಿ ಬಾಗಿಲಿಗೆ ಬಂದರು. ನನ್ನ ಬಾಯಿ ತುಂಬ ಶೇಂಗಾ ಇತ್ತು, ಕ್ಷಮೆ ಕೇಳಲಿಕ್ಕೂ ಜಾಗವಿರಲಿಲ್ಲ.

ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಹುಗ್ಗಿಯನ್ನು ಒಯ್ದು ಹಸುವಿಗೆ ಹಾಕಿದರು. ಬಕೆಟ್ ತಂದು, ಆ ವಯಸ್ಸಿನಲ್ಲಿ ಬರಿಹೊಟ್ಟೆಯಲ್ಲಿ ಬಗ್ಗಿ ಇಡೀ ಅಡುಗೆಮನೆ ತೊಳೆದರು. ಮತ್ತೆ ಸ್ನಾನ ಮಾಡಿದರು. ಮತ್ತೆ ಗೋಧಿ ಬೇಯಿಸಿದರು. ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಕೈ ನೆರವು ಕೊಡುವ ಹಾಗಿರಲಿಲ್ಲ. ನಾನು ಹೊರಗಾದವಳಲ್ಲವೇ! ಅತ್ತೆಯ ಉಪವಾಸ ಅಂದು ಎರಡು ತಾಸು ತಡವಾಗಿ ಮುಗಿಯಿತು. ನಾನು ಅಷ್ಟರಲ್ಲಿ ಹನ್ನೊಂದು ಬಾಳೆಹಣ್ಣು ತಿಂದಿದ್ದೆ.

ಗುರುವಾರ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಇಲ್ಲಿಗೆ ಶನಿ ಬಿಟ್ಟಿತು ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ, ನನ್ನ ಹಾಳೆಯಲ್ಲಿ ಬರೆದಿದ್ದ ಹಾಗೆಯೇ, ನಿಜವಾದ ಮುಟ್ಟು ಬಂತು. ನನ್ನ ಯೋಜನೆಯಲ್ಲಿ ನಿಖರವಾಗಿ ನಡೆದದ್ದು ಇದೊಂದೇ.

ಬಚ್ಚಿಡಲು ನೋಡಿದೆ. ಆದರೆ ಮೊದಲ ದಿನ ನನಗೆ ಹೊಟ್ಟೆನೋವು ಎಷ್ಟೆಂದರೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಕಟ್ಟೆಗೆ ಒರಗಿ ಹಿಟ್ಟು ನಾದುತ್ತಿದ್ದವಳನ್ನು ಅತ್ತೆ ನೋಡಿದರು. ಒಂದೇ ನೋಟಕ್ಕೆ ತಿಳಿದುಕೊಂಡರು.

"ಮತ್ತ ಬಂತೇನು?"

ನಾನು ಹೂಂ ಎಂದೆ. ಅವರ ಮುಖ ಬಿಳಿಚಿತು. ಸೋಮವಾರ ಬಂದದ್ದು ಶುಕ್ರವಾರ ಮತ್ತೆ ಬರಬಾರದು ಎಂದು ತಿಳಿಯಲು ಅವರಿಗೆ ಡ್ರಾಯಿಂಗ್ ಹಾಳೆ ಬೇಕಿರಲಿಲ್ಲ. ಮಗನಿಗೆ ಫೋನು ಹೋಯಿತು. ಅವರು ಮಂಡಿ ಮುಚ್ಚಿ ಓಡಿ ಬಂದರು. ಏನೂ ಆಗಿಲ್ಲ, ಮಲಗಿದರೆ ಸರಿಹೋಗುತ್ತದೆ ಎಂದು ನಾನು ಹೇಳಿದಷ್ಟೂ ಅವರಿಬ್ಬರ ಹೆದರಿಕೆ ಹೆಚ್ಚಿತು. ಒಂಬತ್ತೂವರೆಗೆ ನಾವು ಮೂವರೂ ಹೊಸಪೇಟೆಯ ಲೇಡಿ ಡಾಕ್ಟರ ಮುಂದೆ ಕೂತಿದ್ದೆವು.

ಡಾಕ್ಟರು ನನ್ನನ್ನು ಕೇಳಿದ ಪ್ರತಿ ಪ್ರಶ್ನೆಗೂ ಅತ್ತೆಯೇ ಉತ್ತರ ಕೊಟ್ಟರು. ಡಾಕ್ಟರು ಗಂಭೀರವಾಗಿ ಬರೆದುಕೊಂಡು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಬೇಕು, ನಾಳೆ ಬೆಳಿಗ್ಗೆ ಏನೂ ತಿನ್ನದೆ ಬರಿಹೊಟ್ಟೆಯಲ್ಲಿ ಬನ್ನಿ ಎಂದರು. ಬರಿಹೊಟ್ಟೆ ಎಂಬ ಶಬ್ದ ಕೇಳಿ ನನಗೆ ಕಣ್ಣೀರೇ ಬಂತು. ಆದರೂ ತಲೆಯಾಡಿಸಿದೆ. ಹೇಗೋ ಒಂದು ಬೆಳಿಗ್ಗೆ ಹಸಿದು, ಸ್ಕ್ಯಾನಿಂಗ್ ಮಾಡಿಸಿಕೊಂಡು ಮಾನ ಉಳಿಸಿಕೊಳ್ಳೋಣ ಎಂದುಕೊಂಡಿದ್ದೆ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಡಾಕ್ಟರಿಗೆ ಮೆಲ್ಲಗೆ ಹೇಳಿದರು.

"ನಮ್ಮಕ್ಕಗ ಹಿಂಗ ಶುರುವಾಗಿತ್ರಿ. ನಾವ್ಯಾರೂ ಕೇಳಲಿಲ್ಲ. ಈಕಿಗೆ ಹಂಗ ಆಗಬಾರದ್ರಿ."

ಅವರ ಕೈ ಡಾಕ್ಟರ ಮೇಜಿನ ಅಂಚನ್ನು ಹಿಡಿದಿತ್ತು. ಸೋಮವಾರ ಅಡುಗೆಮನೆ ತೊಳೆದ ಕೈ.

ನಾನು ಹೇಳಿಬಿಟ್ಟೆ. ಸೋಮವಾರ ಬಂದದ್ದು ಸುಳ್ಳು, ಇವತ್ತಿನದು ಮಾತ್ರ ನಿಜ, ಹಸಿವು ತಡೆಯಲಾಗದೆ ಹಾಗೆ ಮಾಡಿದೆ ಎಂದು, ನೆಲ ನೋಡುತ್ತಾ, ಒಂದೇ ಉಸಿರಿಗೆ. ಡಾಕ್ಟರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಯಾವ ಶಾಲೆಯಲ್ಲಿ ಏನು ಪಾಠ ಮಾಡುತ್ತೀರಿ ಎಂದು ಕೇಳಿದರು. ಅದನ್ನೂ ಹೇಳಬೇಕಾಯಿತು. ಗಂಡ, ಲೋಡಿನ ಫೋನು ಬಂತು ಎಂದು ಹೊರಗೆ ಹೋದರು. ಅವರ ಫೋನು ನನ್ನ ಪರ್ಸಿನಲ್ಲಿತ್ತು.

ಬಸ್ಸು ಕಮಲಾಪುರ ತಲುಪಿತು. ಇಳಿಯುವಾಗ ಅತ್ತೆ ಹೇಳಿದರು.

"ತಡಕೊಳ್ಳಾಕ ಆಗಂಗಿಲ್ಲ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ನಾನೂ ನಿನ್ನ ವಯಸ್ಸಿನ್ಯಾಗ ಉಪವಾಸದ ದಿನ ಕೊಟ್ಟಿಗ್ಯಾಗ ಕುಂತು ರೊಟ್ಟಿ ತಿಂದಾಕೀನ."

ನನಗೆ ಮೈಯೆಲ್ಲ ಉರಿಯಿತು. ಭಾನುವಾರ ನಾನು ಬೇರೆ ಏನು ಹೇಳಿದ್ದೆ? ಆದರೆ ಕೋಪ ಮಾಡಿಕೊಳ್ಳುವ ಹಕ್ಕನ್ನು ನಾನು ಡಾಕ್ಟರ ಮೇಜಿನ ಮೇಲೇ ಬಿಟ್ಟುಬಂದಿದ್ದೆ.

ಮೂರು ದಿನ ಮತ್ತೆ ಅದೇ ಕೋಣೆ, ಅದೇ ಚಾಪೆ. ಮುಂದಿನ ಸೋಮವಾರ ಸ್ನಾನ ಮಾಡಿ ಒಳಗೆ ಬಂದಾಗ ಅತ್ತೆ ತಮ್ಮ ಉಪವಾಸದ ನಡುವೆಯೂ ನನಗಾಗಿ ಒಲೆ ಹಚ್ಚಿದ್ದರು. ಈಶ್ವರನಿಗೆ ನಾನು ಹೇಳಿಕೊಂಡಿದ್ದೇನೆ, ಇನ್ನು ಮೇಲೆ ನಿನಗೆ ಉಪವಾಸವಿಲ್ಲ ಎಂದರು. ಐದು ಬಿಸಿ ರೊಟ್ಟಿ, ಎಣ್ಣೆಗಾಯಿ, ಬಟ್ಟಲು ತುಂಬ ಮೊಸರು ತಂದಿಟ್ಟು ಎದುರಿಗೇ ಕೂತರು.

ಮುಟ್ಟು ಮುಗಿಯುತ್ತಿದ್ದಂತೆ ನನ್ನ ಹಸಿವೂ ಹೋಗಿಬಿಡುತ್ತದೆ. ಆ ವಾರ ಅರ್ಧ ರೊಟ್ಟಿಯೂ ಇಳಿಯುವುದಿಲ್ಲ. ಇದಕ್ಕೂ ದೇಹದೊಳಗೇ ಕಾರಣವಿದೆ. ಆದರೆ ಅದನ್ನು ಅತ್ತೆಗೆ ವಿವರಿಸುವ ಧೈರ್ಯ ವಿಜ್ಞಾನ ಶಿಕ್ಷಕಿಗೆ ಉಳಿದಿರಲಿಲ್ಲ.

ಐದೂ ತಿಂದೆ. ಆರನೆಯದನ್ನು ಕೇಳದೆಯೇ ಹಾಕಿದರು.